ಇದು ನಿಮ್ಮ ವಂಶದಲ್ಲೇ ಇದೆಯೇ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಜನ ಬರುತ್ತಾರೆ, ಜೊತೆಗೆ ಆ ಪ್ರಶ್ನೆಯೂ ಬರುತ್ತದೆ. ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಅವಳ ಮಗಳಿಗೆ ಗಂಡು ನೋಡುತ್ತಿದ್ದೇವೆ. ಕಾಫಿ ಲೋಟ ಕೆಳಗಿಡುತ್ತಾ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇದು ನಿಮ್ಮ ವಂಶದಲ್ಲೇ ಇದೆಯೇನೇ ಮಾರಾಯ್ತಿ?" ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳಾದ್ದರಿಂದ ಉತ್ತರ ನನ್ನ ಪಾಲಿಗೆ.

ನಾನು ಇಲಿಯಿಂದ ಆರಂಭಿಸುತ್ತೇನೆ. ಅರ್ಧ ಜನ ಅಲ್ಲೇ ಎದ್ದು ಹೋಗುತ್ತಾರೆ.

ಮೆದುಳು, ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅದನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ವೈರಿನ ರಬ್ಬರು ಸುಲಿದಂತೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ರಬ್ಬರು ಮತ್ತೆ ಬೆಳೆಯುವುದಿಲ್ಲ, ಮಯಲಿನ್ ಒಂದಿಷ್ಟು ಬೆಳೆಯುತ್ತದೆ.

ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಥೈಲರ್ 1930ರ ದಶಕದಲ್ಲಿ ಇಲಿಗಳ ಒಂದು ವೈರಸ್ಸನ್ನು ಕಂಡುಹಿಡಿದರು. (1957ರಲ್ಲಿ ನಮ್ಮ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತಾಗ ಮೊದಲು ಅನುಮಾನ ಬಂದದ್ದೂ ಹಳದಿ ಜ್ವರದ ಮೇಲೆಯೇ.) ಥೈಲರ್ ಕಂಡುಹಿಡಿದ ವೈರಸ್ಸನ್ನು ಎಸ್‌ಜೆಎಲ್ ಎಂಬ ತಳಿಯ ಇಲಿಯ ಮೆದುಳಿಗೆ ಚುಚ್ಚಿದರೆ ಅದು ಬೆನ್ನುಹುರಿಯಲ್ಲಿ ಬೀಡುಬಿಡುತ್ತದೆ, ಮಯಲಿನ್ ಕಳಚುತ್ತದೆ, ಹಿಂಗಾಲು ಬಿಗಿಯುತ್ತದೆ. ಸಿ57 ಎಂಬ ಕಪ್ಪು ತಳಿಯ ಇಲಿಗೆ ಅದನ್ನೇ ಕೊಟ್ಟರೆ ಕೆಲವೇ ವಾರಗಳಲ್ಲಿ ವೈರಸ್ ಗುಡಿಸಿಹೋಗುತ್ತದೆ. ವ್ಯತ್ಯಾಸದ ಬಹುಪಾಲು ಇರುವುದು ಇಲಿಯ 17ನೇ ವರ್ಣತಂತುವಿನಲ್ಲಿ, ಒಳಗೆ ಬಂದ ಪರಕೀಯರನ್ನು ರಕ್ಷಣಾ ವ್ಯವಸ್ಥೆಗೆ ತೋರಿಸಿಕೊಡುವ ಎಚ್-2 ಗುಂಪಿನ ಎಚ್-2ಡಿ ಎಂಬ ಜೀನಿನಲ್ಲಿ. ಕಪ್ಪು ಇಲಿಯ ಆ ಒಂದು ಜೀನನ್ನು ರೋಗಕ್ಕೆ ಬಗ್ಗುವ ಇನ್ನೊಂದು ತಳಿಗೆ ಸೇರಿಸಿದಾಗ ಅದೂ ತಡೆದುಕೊಂಡಿತು.

ಇಲ್ಲಿಗೆ ನಿಲ್ಲಿಸಿದರೆ "ಹಾಗಾದರೆ ವಂಶದ್ದೇ" ಎಂದು ಹೊರಟುಬಿಡುತ್ತಾರೆ. ಕೈ ಹಿಡಿದು ಕೂರಿಸಬೇಕು. ಏಕೆಂದರೆ ಅದೇ ಗಟ್ಟಿಗ ಕಪ್ಪು ಇಲಿಗೆ ಮಯಲಿನ್ ಮೇಲಿನ ಮಾಗ್ ಎಂಬ ಪ್ರೋಟೀನಿನ ತುಣುಕನ್ನು ಚುಚ್ಚಿ ಅದರ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಿದರೆ ಬಾಲ ಜೋತುಬೀಳುತ್ತದೆ, ಕಾಲು ಹೋಗುತ್ತದೆ. ಕ್ಯುಪ್ರಿಝೋನ್ ಬೆರೆಸಿದ ಆಹಾರವನ್ನು ಐದಾರು ವಾರ ಕೊಟ್ಟರೂ ಅದರ ಮೆದುಳಿನ ಮಯಲಿನ್ ಕಳಚುತ್ತದೆ. ಕೊಡುವುದನ್ನು ನಿಲ್ಲಿಸಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಕ್ಯುಪ್ರಿಝೋನ್ ತಾಮ್ರವನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕ. ತಾಮ್ರ ಎಂದ ಕೂಡಲೇ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಮೇಲೆ ಎಲ್ಲರಿಗೂ ಗುಮಾನಿ. ಅಲ್ಲ ಮಾರಾಯರೇ, ಇದು ತಾಮ್ರವನ್ನು ಕಸಿಯುವ ವಸ್ತು, ಸುರಿಯುವುದಲ್ಲ.

ಅಂದರೆ ಒಂದು ಹೊಡೆತಕ್ಕೆ ಜಗ್ಗದ ಇಲಿ ಇನ್ನೊಂದಕ್ಕೆ ಬೀಳುತ್ತದೆ. ಹೊಡೆತ ಯಾವುದೆಂದು ಹೇಳದೆ ಅದರ ಜೀನು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅದೂ ಈ ತಳಿಗಳೆಲ್ಲ ಅಣ್ಣ ತಂಗಿಯರನ್ನೇ ಕನಿಷ್ಠ 20 ತಲೆಮಾರು ಕೂಡಿಸಿ ಬೆಳೆಸಿದವು, ಒಂದರಂತೆ ಇನ್ನೊಂದು. ಅದಕ್ಕೇ ಒಂದು ಜೀನಿನ ಕೈವಾಡ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಸೋದರಸಂಬಂಧದ ಮದುವೆ ಎಷ್ಟೇ ಆದರೂ ನಾವು ಅಷ್ಟು ಏಕರೂಪಿಗಳಲ್ಲ.

ಮನುಷ್ಯರಲ್ಲಿ ಎಚ್-2ಕ್ಕೆ ಸಮನಾದದ್ದು 6ನೇ ವರ್ಣತಂತುವಿನ ಎಚ್‌ಎಲ್‌ಎ ಪ್ರದೇಶ. ಅಲ್ಲಿ ಡಿಆರ್‌ಬಿ1*15:01 ಎಂಬ ಜೀನು ರೂಪವಿದ್ದರೆ ಈ ಕಾಯಿಲೆಯ ಅಪಾಯ ಸುಮಾರು ಮೂರು ಪಟ್ಟು. 2019ರ ಒಂದು ದೊಡ್ಡ ಅಧ್ಯಯನ ಅಪಾಯಕ್ಕೆ ತಳುಕು ಹಾಕಿಕೊಂಡ ಇಂಥ 233 ಜೀನು ಗುರುತುಗಳನ್ನು ಪಟ್ಟಿ ಮಾಡಿತು. ಉಳಿದ ಹೆಚ್ಚಿನವುಗಳ ಪ್ರಭಾವ ತೀರಾ ಚಿಕ್ಕದು. ಒಂದೇ ಅಂಡದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ 25–30ರಷ್ಟು ಮಾತ್ರ. ತಾಯಿಯಿಂದ ಮಕ್ಕಳಿಗೆ ನೂರಕ್ಕೆ ಸುಮಾರು ಎರಡು. ಗಂಡಿನ ಕಡೆಯವರಿಗೆ ಹೇಳುವುದು ಈ ಕೊನೆಯ ಅಂಕಿಯನ್ನೇ. ನಿಮ್ಮ ಕಡೆ ಸಕ್ಕರೆ ಕಾಯಿಲೆ ಎಷ್ಟು ಜನಕ್ಕಿದೆ ಎಂದು ತಿರುಗಿ ಕೇಳಬೇಕೆನಿಸುತ್ತದೆ, ಅಕ್ಕ ಕಣ್ಣಲ್ಲೇ ಗದರಿಸುತ್ತಾಳೆ.

ಅಕ್ಕನಿಗೆ ಮೊದಲು ಹೋದದ್ದು ಎಡಗಣ್ಣು. ಎರಡು ತಿಂಗಳಲ್ಲಿ ಬಹುಪಾಲು ಮರಳಿತು. ಮೆಟ್ಟುಕತ್ತಿಯ ಮುಂದೆ ಕೂತು ಈಗಲೂ ಅಡಿಕೆ ಸುಲಿಯುತ್ತಾಳೆ. ಆ ಕಣ್ಣಿಗೆ ಕೆಂಪು ಬಣ್ಣವೊಂದು ಮಾಸಿದಂತೆ ಕಾಣುತ್ತದೆಯಂತೆ. ಹಾಗಾಗಿ ಬೇಯಿಸಿ ಒಣಗಿಸಿದ ಕೆಂಪಡಿಕೆ ಆರಿಸುವಾಗ ಮಾತ್ರ ಎಡಗಣ್ಣು ಮುಚ್ಚಿಕೊಳ್ಳುತ್ತಾಳೆ.