ಹುಣಸೆ ಸಸಿ ಮೊದಲು ಆಳೆತ್ತರ ಆಗ್ಲಿ, ಬೋನ್ಸಾಯ್ ಆಮೇಲೆ

ಬೀಜ ಹಾಕಿ ಬೋನ್ಸಾಯ್ ಮಾಡ್ತೀನಿ ಅಂತ ಹೊರಟೋರಿಗೆ ನಾನು ಮೊದಲು ಹೇಳೋದು, ಆಳ ಇಲ್ಲದ ಆ ಚಂದದ ಕುಂಡ ಈಗ್ಲೇ ತರ್ಬೇಡಿ. ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ನೋಡ್ಕೊಂಡು ಬಂದ ಖುಷೀಲಿ ಪಕ್ಕದ ಸಿದ್ದಾಪುರದ ನರ್ಸರಿಗೆ ನುಗ್ಗಿ ಕುಂಡ ತಗೊಂಡು, ಗೇಣುದ್ದದ ಸಸೀನ ಅದರಲ್ಲಿ ನೆಟ್ಟು, ವಾರ ವಾರ ತುದಿ ಚಿವುಟ್ತಾ ಕೂತ್ರೆ ಎಷ್ಟು ವರ್ಷ ಆದ್ರೂ ಅದು ಪೆನ್ಸಿಲ್ ದಪ್ಪದ ಕಡ್ಡೀನೇ. ನೋಡಿದ ತಕ್ಷಣ ಮರ ಅನ್ನಿಸ್ಬೇಕು ಅಂದ್ರೆ ಬುಡ ದಪ್ಪ ಇರ್ಬೇಕು, ಮೇಲಕ್ಕೆ ಹೋಗ್ತಾ ಸಣ್ಣ ಆಗ್ಬೇಕು. ಆ ದಪ್ಪ ಬರೋದು ಎಲೆಗಳಿಂದ, ಎಲೆ ಮಾಡೋ ಆಹಾರದಲ್ಲೇ ಕಾಂಡಕ್ಕೆ ಹೊಸ ಕಟ್ಟಿಗೆ ಕೂಡೋದು, ಬೇರಿಗೆ ಜಾಗ ಕೊಡ್ದೆ ಎಲೆನೂ ಚಿವುಟಿ ಹಾಕಿದ್ರೆ ಕಾಂಡ ಎಲ್ಲಿಂದ ದಪ್ಪ ಆಗ್ಬೇಕು ಹೇಳಿ. ಅದಕ್ಕೇ ಸಸಿ ಮೊದಲು ಕೆಲವು ವರ್ಷ ದೊಡ್ಡ ಗ್ರೋ ಬ್ಯಾಗ್‌ನಲ್ಲೋ, ಜಾಗ ಇದ್ರೆ ನೆಲದಲ್ಲೋ ಮನಸ್ಸಿಗೆ ಬಂದಂಗೆ ಬೆಳೀಬೇಕು.

ಇನ್ನು ಯಾವ ಮರ ಅನ್ನೋದು. ಆನ್‌ಲೈನ್‌ನಲ್ಲಿ ಸಿಗೋ ಬೀಜದ ಕಿಟ್‌ಗಳಲ್ಲಿ ಪೈನ್, ಜುನಿಪರ್, ಮೇಪಲ್ ಅಂತ ಇರುತ್ತೆ. ಅವಕ್ಕೆ ನಿಜವಾದ ಚಳಿಗಾಲ ಬೇಕು, ತಿಂಗಳುಗಟ್ಟಲೆ ಕೊರೆಯೋ ಚಳೀಲಿ ಮಲಗಿ ಎದ್ದರೇನೇ ಅವು ಚೆನ್ನಾಗಿರೋದು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಡಿಸೆಂಬರ್‌ನಲ್ಲಿ ನಮಗೆ ಸ್ವೆಟರ್ ಬೇಕಾಗುತ್ತೆ ನಿಜ, ಆದ್ರೆ ಆ ಚಳಿ ಆ ಮರಗಳಿಗೆ ಸಾಲಲ್ಲ. ಅರಳಿ, ಆಲ, ಗೋಣಿ, ಬಸರಿ ನಮ್ಮ ಕಣ್ಣೆದುರೇ ಇರುವಾಗ ಅದ್ಯಾಕೆ ಬೇಕು. ಅರಳೀಗಂತೂ ಬೀಜನೂ ಹಾಕ್ಬೇಕಿಲ್ಲ, ಹಣ್ಣು ತಿಂದ ಹಕ್ಕಿಗಳೇ ಟೆರೇಸಿನ ಮೂಲೆ, ಪೈಪಿನ ಸಂದು, ಕಾಂಪೌಂಡ್ ಬಿರುಕು ಎಲ್ಲಾ ಕಡೆ ಬಿತ್ತಿರ್ತವೆ. ಜೋರು ಮಳೆ ಬಂದ ಮಾರನೇ ದಿನ ಗೋಡೆ ನೆನೆದಿರುವಾಗ ಮೆಲ್ಲಗೆ ಎಳೆದ್ರೆ ಬರುತ್ತೆ, ಬೇರು ಅರ್ಧ ಹರಿದಿದ್ರೂ ಆ ಜಾತಿ ಸಾಮಾನ್ಯವಾಗಿ ಬದುಕ್ಕೊಳ್ಳುತ್ತೆ.

ಆದ್ರೂ ನನಗೆ ಪ್ರಾಣ ಅಂದ್ರೆ ಹುಣಸೆ. ಬೋನ್ಸಾಯ್‌ನಲ್ಲಿ ಮರಾನ ಕುಗ್ಗಿಸಬಹುದು, ಎಲೆ ಒಂದು ಮಟ್ಟಕ್ಕೆ ಕುಗ್ಗುತ್ತೆ ಅಷ್ಟೇ, ಅರಳಿ ಎಲೆ ಎಷ್ಟು ಚಿಕ್ಕದಾದ್ರೂ ಅಡಿ ಎತ್ತರದ ಮರಕ್ಕೆ ದೊಡ್ಡದೇ ಕಾಣುತ್ತೆ. ಹುಣಸೆ ಎಲೆ ಹುಟ್ಟೋದೇ ಚಿಕ್ಕದು, ತೊಗಟೆ ಬೇಗ ಒರಟಾಗಿ ಸೀಳು ಬಿಡುತ್ತೆ, ವಯಸ್ಸಾದ ಮರದ ಗತ್ತು ತಾನಾಗೇ ಬರುತ್ತೆ. ಬೀಜಕ್ಕೂ ಹುಡುಕಾಡ್ಬೇಕಿಲ್ಲ, ಶಿವರಾತ್ರಿ ಆಸುಪಾಸು ಹೊಸ ಹುಣಸೆಹಣ್ಣು ತಂದು ವರ್ಷಕ್ಕಾಗೋಷ್ಟು ಬಿಡಿಸಿ ಉಪ್ಪು ಹಾಕಿಡೋ ಮನೆಗಳಲ್ಲಿ ಕೇಳಿ, ಬೊಗಸೆ ತುಂಬ ಕೊಡ್ತಾರೆ. (ಚೌಕಾಬಾರಕ್ಕೆ ಉಜ್ಜಿ ಒಡೆದ ಬೀಜ ಮೊಳೆಯಲ್ಲ, ಇಡೀದೇ ಬೇಕು.) ಬೀಜದ ಒಂದು ಪಕ್ಕ ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ, ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಿದ್ರೆ ಒಂದೆರಡು ವಾರದಲ್ಲಿ ಮಣ್ಣು ಉಬ್ಬುತ್ತೆ. ಮೊದಲು ಬಾಗಿದ ತೊಟ್ಟು ಕಾಣುತ್ತೆ, ಆಮೇಲೆ ಅದು ನೆಟ್ಟಗಾಗ್ತಾ ಎರಡು ದಪ್ಪ ಬೇಳೇನ ಮಣ್ಣಿನಿಂದ ಮೇಲೆತ್ತುತ್ತೆ, ಬೇಳೆಗೆ ಇನ್ನೂ ಕಂದು ಸಿಪ್ಪೆ ಅಂಟಿರುತ್ತೆ, ಅದನ್ನ ಕೀಳೋಕೆ ಹೋಗ್ಬೇಡಿ, ತಾನೇ ಬೀಳ್ಲಿ. ಬೇಳೆ ಬಿಡಿಸ್ಕೊಂಡ ಮೇಲೆ ನಡುವಿಂದ ಬರೋ ಮೊದಲ ಜೋಡಿ ಎಲೇನೇ ದೊಡ್ಡ ಮರದ ಎಲೆ ಹಾಗೆ ಸಾಲು ಸಾಲು, ಅದೂ ಸಂಜೆ ಆದ್ರೆ ಮುಚ್ಕೊಂಡು ಮಲಗುತ್ತೆ! ನಾನು ಎಷ್ಟು ಸಸಿ ಎಬ್ಬಿಸಿದ್ರೂ ಇದನ್ನ ನೋಡೋಕೆ ಸಂಜೆ ಮೇಲೆ ಹೋಗೇ ಹೋಗ್ತೀನಿ.

ಹುಣಸೆಗೆ ತಾಯಿಬೇರು ಜೋರು, ನೇರ ಕೆಳಗೆ ಇಳಿಯುತ್ತೆ. ಮುಂದೆ ಆಳ ಇಲ್ಲದ ಕುಂಡಕ್ಕೆ ಹೋಗ್ಬೇಕಾದ ಗಿಡಕ್ಕೆ ಅದು ಆಗ್ಬರಲ್ಲ, ಹಾಗಾಗಿ ಸಸಿ ಗೇಣುದ್ದ ಆಗಿ ಮಳೆ ಹಿಡಿದ ಮೇಲೆ ಕಿತ್ತು ತಾಯಿಬೇರು ಮೋಟು ಮಾಡಿ, ಪಕ್ಕದ ಬೇರುಗಳನ್ನ ಸುತ್ತ ಹರಡಿ, ಕೆಳಗೆ ಒಂದು ಟೈಲ್ ಚೂರೋ ಹಳೇ ಸಿಡಿನೋ ಇಟ್ಟು ನೆಡಿ. ಬೇರು ಕೆಳಗೆ ಹೋಗಲಾರದೆ ಅಡ್ಡ ಹರಡುತ್ತೆ, ಮುಂದೆ ಬುಡದ ಸುತ್ತ ಬೇರು ಕಾಣೋ ಅಂದ ಇಲ್ಲಿಂದ್ಲೇ ಶುರು. ಮಣ್ಣಿನ ವಿಷಯದಲ್ಲಿ ಒಂದೇ ಮಾತು, ನಮ್ಮ ಕೆಂಪು ಮಣ್ಣು ಒಂದನ್ನೇ ತುಂಬಿದ್ರೆ ಒಣಗಿ ಗಟ್ಟಿಯಾಗಿ ಕೂತ್ಬಿಡುತ್ತೆ, ಅರ್ಧದಷ್ಟಾದ್ರೂ ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು ಸೇರಿಸಿ.

ನೀರಿನ ಬಗ್ಗೆ ನನಗೆ ಯೋಚನೆ ಜಾಸ್ತಿ. ಬೋರ್‌ವೆಲ್ ನೀರಿನ ಉಪ್ಪು ಕುಂಡದ ಅಂಚಲ್ಲಿ ಬೆಳ್ಳಗೆ ಕೂರುತ್ತೆ, ಎಲೆ ತುದಿ ಸುಡುತ್ತೆ, ಆರ್‌ಒ ಮೆಷಿನ್ನಿಂದ ಹೊರಗೆ ಬೀಳೋ ನೀರು ಇನ್ನೂ ಕೆಟ್ಟದು. 2024ರ ಬೇಸಿಗೇಲಿ ಕುಡಿಯೋ ನೀರು ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಆಯ್ತಲ್ಲ, ಆಗ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಬಕೆಟ್‌ಗೆ ಹಿಡಿದು ಹಾಕಿದ್ದು, ಇವತ್ತಿಗೂ ನಮ್ಮನೇಲಿ ಅದೇ ಅಭ್ಯಾಸ.

ಪಕ್ಕದ ಮನೆ ಆಂಟಿ ಬಂದಾಗೆಲ್ಲಾ "ಅಷ್ಟು ದೊಡ್ಡ ಮರಾನ ಹಿಂಗೆ ಕಟ್ಟಿ ಹಾಕಿದ್ರೆ ಪಾಪ ಬರಲ್ವೇನಮ್ಮಾ, ಮನೆಗೂ ಏಳಿಗೆ ಆಗಲ್ಲ ಅಂತಾರೆ" ಅಂತಾರೆ. ಅವರ ಕಾಳಜಿ ನನಗೆ ಅರ್ಥ ಆಗುತ್ತೆ, ಆದ್ರೆ ಒಪ್ಪಲ್ಲ. ನೀರು, ಗೊಬ್ಬರ, ಬಿಸಿಲು ಸರಿಯಾಗಿ ಸಿಕ್ಕದ ಬೋನ್ಸಾಯ್ ಸಾಯುತ್ತೆ, ಅಷ್ಟು ನಾಜೂಕು ಅದು, ತಲೆಮಾರು ಬದುಕಿದೆ ಅಂದ್ರೆ ಯಾರೋ ದಿನಾ ನೋಡ್ಕೊಂಡಿದಾರೆ ಅಂತಾನೇ ಅರ್ಥ. ಜಪಾನಿನ ಯಮಾಕಿ ಮನೆತನದ ಒಂದು ಬಿಳಿ ಪೈನ್ 1625ರಿಂದ ಕುಂಡದಲ್ಲಿದೆ ಅಂತಾರೆ, 1945ರಲ್ಲಿ ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಕೆಲವೇ ಕಿಲೋಮೀಟರ್ ದೂರದಲ್ಲಿ ನರ್ಸರಿಯ ಗೋಡೆ ಮರೇಲಿತ್ತು, ಉಳೀತು. 1976ರಲ್ಲಿ ಅದನ್ನ ಅಮೆರಿಕಾಗೆ ಕೊಟ್ರು, ಬಾಂಬ್ ಹಾಕಿದ ದೇಶಕ್ಕೇ, ಈಗ್ಲೂ ವಾಷಿಂಗ್ಟನ್‌ನಲ್ಲಿ ಹಸಿರಾಗಿದೆ. ಆಂಟಿಗೆ ಈ ಕಥೆ ಹೇಳಿದೆ, ಸುಮ್ನೆ ಕೇಳಿಸ್ಕೊಂಡು, ಹೋಗುವಾಗ ಒಂದು ಹುಣಸೆ ಸಸಿ ತಗೊಂಡು ಹೋದ್ರು.

ದೊಡ್ಡ ಬ್ಯಾಗಲ್ಲಿರೋ ನನ್ನ ಹುಣಸೆ ಈಗ ನನಗಿಂತ ಎತ್ತರ, ಬುಡ ಹಿಡಿದ್ರೆ ಹೆಬ್ಬೆರಳಿಗೂ ತೋರುಬೆರಳಿಗೂ ಕೂಡಲ್ಲ. ಈ ಮಳೆಗಾಲಕ್ಕೆ ಅದನ್ನ ಒಂದಡಿಗೆ ಕತ್ತರಿಸ್ತೀನಿ, ಗೆಣ್ಣಿನ ಮೇಲೆ ಓರೆಯಾಗಿ, ಗಾಯಕ್ಕೆ ಅರಿಶಿನ ಹಚ್ಚಿ. ಕೆಳಗಿಂದ ಚಿಗುರು ಗುಂಪಾಗಿ ಬರುತ್ತೆ, ಅದರಲ್ಲಿ ಗಾಯಕ್ಕೆ ಹತ್ತಿರದ ಒಂದು ಗಟ್ಟಿ ಚಿಗುರನ್ನ ಹೊಸ ತಲೆ ಅಂತ ಆರಿಸ್ಕೊಂಡು, ಅದು ಹಸಿ ಇರುವಾಗ್ಲೇ ಅಲ್ಯುಮಿನಿಯಂ ತಂತಿ ಸುತ್ತಿ ಸ್ವಲ್ಪ ಬಗ್ಗಿಸ್ಬೇಕು, ಬಲಿತ ಮೇಲೆ ಬಗ್ಗಿಸಿದ್ರೆ ಮುರಿಯುತ್ತೆ. ತಂತಿ ತೊಗಟೆ ಕಚ್ಚೋ ಮುಂಚೆ ಬಿಚ್ಬೇಕು, ಮಳೆಗಾಲದಲ್ಲಿ ವಾರಕ್ಕೊಂದ್ಸಲ ನೋಡ್ತಿರಿ. ಆಮೇಲೆ ಆ ಹೊಸ ತಲೆಗೂ ಮತ್ತೆ ಒಂದೆರಡು ವರ್ಷ ಕತ್ತರಿ ತಾಗಿಸಲ್ಲ. ಚಂದದ ಕುಂಡ ಅದಾದ ಮೇಲೇನೇ ತರೋದು.