ಸ್ಟ್ರೋಕ್ಸ್‌ಟೌನ್ ನಕ್ಷೆ: ಮನೆ ಮುಗಿಯಿತು, ಜಮೀನು ಬಾಕಿ

ಐರ್ಲೆಂಡಿನ ರಾಸ್‌ಕಾಮನ್ ಕೌಂಟಿಯ ಜಮೀನ್ದಾರರಾದ ಮಹೋನ್ ಮನೆತನದ ಆಸ್ತಿಗೆ ನಾನು ಬಿಡಿಸುತ್ತಿರುವ ನಕ್ಷೆ ಅರ್ಧಕ್ಕೆ ಬಂದಿದೆ. ಮೊದಲು ಕೈಗೆತ್ತಿಕೊಂಡದ್ದು ಅವರ ದೊಡ್ಡಮನೆ, ಸ್ಟ್ರೋಕ್ಸ್‌ಟೌನ್ ಪಾರ್ಕ್. ನಡುವಿನ ಭಾಗದ ಒಡಲು 17ನೇ ಶತಮಾನದ್ದು. ಅದಕ್ಕೆ 18ನೇ ಶತಮಾನದಲ್ಲಿ ವಾಸ್ತುಶಿಲ್ಪಿ ರಿಚರ್ಡ್ ಕ್ಯಾಸೆಲ್ಸ್ ಎರಡು ಕಡೆ ರೆಕ್ಕೆ ಸೇರಿಸಿದ. ಒಂದರಲ್ಲಿ ಅಡುಗೆಮನೆ, ಇನ್ನೊಂದರಲ್ಲಿ ಕುದುರೆ ಲಾಯ. ಅಡುಗೆಮನೆಯ ಮೇಲೆ ಸುತ್ತ ಮೊಗಸಾಲೆ ಇದೆ. ಯಜಮಾನತಿ ಅಲ್ಲಿಂದಲೇ ಕೆಳಗಿನ ಕೆಲಸ ನೋಡಬಹುದಿತ್ತು. ಆಳುಗಳು ಕಣ್ಣಿಗೆ ಬೀಳದೆ ಓಡಾಡಲು ಒಂದು ಸುರಂಗವೂ ಇದೆ. ಇದನ್ನೆಲ್ಲ ಬಿಡಿಸಲು ಕಷ್ಟವಾಗಲಿಲ್ಲ.

ಜಮೀನಿನದೇ ಬೇರೆ ಕಥೆ. ಸುಮಾರು 11,000 ಎಕರೆ. ಹಳೇ ಗೇಣಿ ಲೆಕ್ಕದ ಅಂಕಿಗಳನ್ನು ಹಾಗೆಯೇ ತುಂಬಿದ್ದೆ, ಯಾವ ಹಳ್ಳಿಯೂ, ಅಂದರೆ ಅಲ್ಲಿನವರ ಮಾತಿನಲ್ಲಿ ಟೌನ್‌ಲ್ಯಾಂಡೂ ತನ್ನ ಗಡಿಗೆ ಹೊಂದಲಿಲ್ಲ. ಎರಡು ವಾರ ತಲೆಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅದು ಐರಿಷ್ ಎಕರೆ. ನಮಗೆ ಗೊತ್ತಿರುವ ಎಕರೆಯ 1.62 ಪಟ್ಟು. ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದೆ. ಬ್ಯಾಲಿಕಿಲ್‌ಕ್ಲೈನ್ ಎಂಬ ಟೌನ್‌ಲ್ಯಾಂಡ್ ಮಾತ್ರ ಚುಕ್ಕೆಗೆರೆಯಲ್ಲಿದೆ. ಅದು ರಾಜಸತ್ತೆಯ ಜಮೀನು, ಮಹೋನರ ಗುತ್ತಿಗೆ 1834ಕ್ಕೆ ಮುಗಿದಿತ್ತು.

1845ರಲ್ಲಿ ಆಸ್ತಿ ಮೇಜರ್ ಡೆನಿಸ್ ಮಹೋನ್ ಕೈಗೆ ಬಂತು. ಅದೇ ವರ್ಷ ಆಲೂಗಡ್ಡೆಗೆ ರೋಗ ಬಿತ್ತು, ಬರಗಾಲ ಶುರುವಾಯಿತು. 1847ರ ಕಾನೂನಿನ ಪ್ರಕಾರ ಕಾಲು ಎಕರೆಗಿಂತ ಜಾಸ್ತಿ ಭೂಮಿ ಇದ್ದವರಿಗೆ ಬರ ಪರಿಹಾರವಿಲ್ಲ. ಕಾಲು ಎಕರೆ ಅಂದರೆ 10 ಗುಂಟೆ! ಗಂಜಿ ಬೇಕಾದರೆ ಭೂಮಿ ಬಿಡಬೇಕು. ಬಡವರನ್ನು ಸಾಕಲು ಹಾಕುತ್ತಿದ್ದ ತೆರಿಗೆಯನ್ನು, 4 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಬೆಲೆ ಕಟ್ಟಿದ ಹಿಡುವಳಿಗಳ ಮಟ್ಟಿಗೆ ಒಡೆಯನೇ ತುಂಬಬೇಕಿತ್ತು. ಹಾಗಾಗಿ ಸಣ್ಣ ಗೇಣಿದಾರ ಅಂದರೆ ಅವನಿಗೆ ಬರೀ ಖರ್ಚು. ವರ್ಕ್‌ಹೌಸಿನಲ್ಲಿ (ಬಡವರನ್ನು ಇರಿಸಿ ದುಡಿಸುವ ಸರ್ಕಾರಿ ಮನೆ) ಸಾಕುವುದಕ್ಕಿಂತ ಹಡಗು ಹತ್ತಿಸುವುದು ಅಗ್ಗ ಎಂದು ಜಮೀನು ನೋಡಿಕೊಳ್ಳುತ್ತಿದ್ದ ಏಜೆಂಟ್ ಲೆಕ್ಕ ಕೊಟ್ಟ. ಆ ವರ್ಷ ಮಹೋನನ ಜಮೀನಿನ 1,490 ಜನ ರಾಯಲ್ ಕಾಲುವೆ ದಡದಲ್ಲಿ ಡಬ್ಲಿನ್‌ವರೆಗೆ ನಡೆದರು. ಅಲ್ಲಿಂದ ಲಿವರ್‌ಪೂಲ್, ಆಮೇಲೆ ಕೆನಡಾ. 'ವರ್ಜಿನಿಯಸ್' ಹಡಗಿನ 476 ಜನರಲ್ಲಿ 158 ಮಂದಿ ಸಮುದ್ರದಲ್ಲೇ ಸತ್ತರು. ನವೆಂಬರ್ 2ರಂದು ಡೆನಿಸ್ ಮಹೋನನನ್ನು ದಾರಿಯಲ್ಲಿ ಗುಂಡಿಟ್ಟು ಕೊಂದರು.

ಇದನ್ನು ಓದಿದ ಮೇಲೆ ಒಡೆಯನ ಗಡಿಯನ್ನಷ್ಟೇ ಬಿಡಿಸಿ ಸುಮ್ನಿರಲು ಆಗಲಿಲ್ಲ. ತೆರಿಗೆಗಾಗಿ ಪ್ರತಿ ಹಿಡುವಳಿಗೂ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನ ಈ ಊರುಗಳಿಗೆ ಬಂದದ್ದು 1850ರ ದಶಕದಲ್ಲಿ, ಜನ ಹೋದ ಮೇಲೆ. ಅದೊಂದನ್ನೇ ನಂಬಿದರೆ ಹೋದವರು ಲೆಕ್ಕಕ್ಕೇ ಬರುವುದಿಲ್ಲ ಅಲ್ವಾ? ಅದಕ್ಕೇ 1830ರ ದಶಕದ ಆರು ಇಂಚಿನ (ಒಂದು ಮೈಲಿಗೆ ಆರು ಇಂಚು) ಸರ್ವೆ ನಕ್ಷೆಯನ್ನು ಅಡಿಯಲ್ಲಿ ಹಾಸಿದೆ. ಅದರಲ್ಲಿ ಪ್ರತಿ ಗುಡಿಸಲೂ ಒಂದು ಕಪ್ಪು ಚುಕ್ಕೆ. ಒಂದೊಂದನ್ನೇ ನಕಲು ಮಾಡುತ್ತಿದ್ದೇನೆ. ನಿಧಾನದ ಕೆಲಸ. ಆದರೆ ಈ ಇಡೀ ನಕ್ಷೆಯಲ್ಲಿ ನನಗೆ ಮುಖ್ಯವಾದದ್ದು ಇದೇ.

ಮನೆ 1979ರವರೆಗೂ ಅದೇ ವಂಶದಲ್ಲಿತ್ತು. ಕೊಂಡವರು ಅಲ್ಲಿದ್ದ ಕಾಗದಪತ್ರಗಳನ್ನು ಎಸೆಯದೆ ಇಟ್ಟುಕೊಂಡರು. 1994ರಲ್ಲಿ ಅಲ್ಲೇ ಬರಗಾಲದ ಮ್ಯೂಸಿಯಂ ಶುರುವಾಯಿತು.

ನಿನ್ನೆ ಎ2 ಹಾಳೆಯಲ್ಲಿ ಪ್ರಿಂಟ್ ತೆಗೆದು ನೋಡಿದೆ. ದೊಡ್ಡಮನೆ ಚೆನ್ನಾಗಿ ಕಂಡಿತು, ಚುಕ್ಕೆಗಳು ಕಾಣಲೇ ಇಲ್ಲ. ಈಗ ನಕ್ಷೆಯನ್ನು ನಾಲ್ಕು ಹಾಳೆಗೆ ಹಂಚುತ್ತಿದ್ದೇನೆ.