ಕ್ಯಾಮೆರಾ ಹೋದ ಮೇಲಿನ ಪಾರ್ಟಿ

‘ಪೇಜ್ 3’ ಸಿನಿಮಾ ಬಂದಾಗ ನಾನು ಮುಂಬೈನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ನಗರ ಪುರವಣಿಯ ಡೆಸ್ಕಿನಲ್ಲಿದ್ದೆ. ಅದು 2005ರ ಜನವರಿ. ಪಾರ್ಟಿ ಫೋಟೊಗಳಿಗೆ ಕ್ಯಾಪ್ಷನ್ ಹಾಕುವುದು ನನ್ನ ಪಾಲಿನ ಕೆಲಸ. ಫೋಟೊಗ್ರಾಫರ್ ಚಿತ್ರಗಳ ಜೊತೆ ಒಂದು ಚೀಟಿ ಕೊಡುತ್ತಿದ್ದರು, ಅದರಲ್ಲಿ ಎಡದಿಂದ ಬಲಕ್ಕೆ ಹೆಸರುಗಳು. ಪುರವಣಿ ಮುಖ್ಯ ಪತ್ರಿಕೆಗಿಂತ ಮೊದಲೇ ಅಚ್ಚಿಗೆ ಹೋಗುತ್ತದೆ. ಹಾಗಾಗಿ ಸೋಮವಾರ ರಾತ್ರಿಯ ಪಾರ್ಟಿ ಓದುಗರ ಕೈಗೆ ಸಿಗುವುದು ಬುಧವಾರ ಬೆಳಿಗ್ಗೆ. ಅಷ್ಟರೊಳಗೆ ಅವರ ಪ್ರಚಾರ ನೋಡಿಕೊಳ್ಳುವ ಪಿಆರ್‌ನವರ ಕಡೆಯಿಂದ ಫೋನ್ ಮೇಲೆ ಫೋನ್. ಈ ಹೆಸರಿಗೆ ಇನ್ನೊಂದು ‘ಎ’ ಸೇರಿಸಿ, ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ. ಅವರನ್ನು ಇವರ ಪಕ್ಕ ಹಾಕಬೇಡಿ, ಇಬ್ಬರಿಗೂ ಮಾತಿಲ್ಲ. ದಿನವಿಡೀ ಇದೇ.

ಆಫೀಸಿನಲ್ಲಿ ಎಲ್ಲರೂ ಸಿನಿಮಾ ನೋಡಿ ಬಂದಿದ್ದರು. ಆ ಪಾತ್ರ ನಿಜವಾಗಿ ಯಾರದ್ದು, ಈ ಎಡಿಟರ್ ಯಾರು ಅಂತ ಪತ್ತೆ ಹಚ್ಚುವುದರಲ್ಲೇ ಮಾತು ಮುಗಿಯುತ್ತಿತ್ತು. ನನಗೆ ಬೇರೆ ಒಬ್ಬರ ಜೊತೆ ಕೂತು ನೋಡಬೇಕು ಅನಿಸಿತು. ನನ್ನ ಸೋದರಮಾವ.

ಮಾವ ಕುಂದಾಪುರದ ಹತ್ತಿರದ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಬಂದವರು. ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. ಆ ಕಾಲದ ನಮ್ಮ ಕಡೆಯ ಎಷ್ಟೋ ಹುಡುಗರು ಹೀಗೆಯೇ ಓದಿದ್ದು. ಆಮೇಲೆ ಒಂದು ದೊಡ್ಡ ಹೋಟೆಲಿನಲ್ಲಿ ಪಾರ್ಟಿ, ಸಮಾರಂಭ ನೋಡಿಕೊಳ್ಳುವ ಬ್ಯಾಂಕ್ವೆಟ್ ವಿಭಾಗ ಸೇರಿ ಕ್ಯಾಪ್ಟನ್, ಅಂದರೆ ಬಡಿಸುವ ಹುಡುಗರ ಮೇಲಿನವರು, ಆದರು. ನಾನು ಯಾರ ಫೋಟೊಗೆ ಕ್ಯಾಪ್ಷನ್ ಬರೆಯುತ್ತಿದ್ದೆನೋ ಅವರಿಗೆಲ್ಲ ಮಾವ ಗ್ಲಾಸ್ ಕೊಟ್ಟಿದ್ದರು. ಆದರೆ ಮನೆಗೆ ಬಂದರೆ ಒಬ್ಬರ ಹೆಸರನ್ನೂ ಎತ್ತುತ್ತಿರಲಿಲ್ಲ. ಅತ್ತೆ ಕೆದಕಿದರೂ, "ಅದೆಲ್ಲ ಎಂತಕ್ಕೆ ನಿಂಗೆ?" ಅನ್ನುತ್ತಿದ್ದರು, ಅಷ್ಟೇ.

ಬ್ಯಾಂಕ್ವೆಟ್‌ನವರಿಗೆ ಶನಿವಾರ, ಭಾನುವಾರ ರಜೆ ಎಲ್ಲಿಯದು? ಮಾವನ ವಾರದ ರಜೆ ಮಂಗಳವಾರ. ಆ ಮಂಗಳವಾರ ದಾದರ್‌ನ ಒಂದು ಥಿಯೇಟರಿನಲ್ಲಿ ಸಂಜೆ ಆಟಕ್ಕೆ ಹೋದೆವು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕೊಂಕಣಾ ಸೇನ್ ಶರ್ಮಾ ಇಲ್ಲಿ ಮಾಧವಿ ಎಂಬ ಪತ್ರಕರ್ತೆ. ದಿನಾ ಪಾರ್ಟಿಗೆ ಹೋಗಿ ‘ಪೇಜ್ 3’ಗೆ, ಅಂದರೆ ದೊಡ್ಡವರ ಪಾರ್ಟಿ ಸುದ್ದಿಯ ಪುಟಕ್ಕೆ, ಬರೆಯುವುದು ಅವಳ ಕೆಲಸ. ಬೋಮನ್ ಇರಾನಿ ಎಡಿಟರ್. ಅದೇ ಆಫೀಸಿನಲ್ಲಿ ಕ್ರೈಂ ರಿಪೋರ್ಟರ್ ಆಗಿ, ಬೆಳಗಾವಿಯಲ್ಲಿ ಹುಟ್ಟಿದ ನಮ್ಮ ಅತುಲ್ ಕುಲಕರ್ಣಿ. ಮಾಧವಿಗೆ ಪಾರ್ಟಿ ಸುದ್ದಿ ಸಾಕಾಗುತ್ತದೆ, ಕ್ರೈಂ ಕಡೆ ಹೋಗುತ್ತಾಳೆ. ಅಲ್ಲಿ ಅನಾಥ ಮಕ್ಕಳ ಮೇಲೆ ನಡೆಯುವ ದೌರ್ಜನ್ಯ ಬಯಲಾಗುತ್ತದೆ. ಮಾಡುತ್ತಿರುವವನು ಅವಳದೇ ಪುಟದಲ್ಲಿ ನಗುತ್ತಾ ನಿಲ್ಲುತ್ತಿದ್ದ ಒಬ್ಬ ಉದ್ಯಮಿ. ಸುದ್ದಿ ತಯಾರಾಗುತ್ತದೆ, ಅಚ್ಚಾಗುವುದಿಲ್ಲ. ಅವಳ ಕೆಲಸ ಹೋಗುತ್ತದೆ.

ಅರ್ಧ ಸಿನಿಮಾದವರೆಗೂ ಮಾವ ಸುಮ್ನೆ ಕೂತಿದ್ದರು. ಪಾರ್ಟಿ ನಡೆಯುವ ಮನೆಯ ಹೊರಗೆ ಡ್ರೈವರ್‌ಗಳು ಕಾರಿಗೆ ಒರಗಿ ನಿಂತು ತಮ್ಮ ತಮ್ಮ ಸಾಹೇಬರ ಬಗ್ಗೆ ಮಾತಾಡುವ ದೃಶ್ಯಗಳಿವೆಯಲ್ಲ, ಅಲ್ಲಿ ಮಾತ್ರ ಮುಂದಕ್ಕೆ ಬಾಗಿ ಕೂತರು. ಥಿಯೇಟರಿನಲ್ಲಿ ಎಲ್ಲರೂ ನಗುತ್ತಿದ್ದರು. ಮಾವ ನಗಲಿಲ್ಲ. "ಇದು ಸರಿ ಉಂಟು," ಅಂದರು. ಸಾವಿನ ಮನೆಯ ದೃಶ್ಯ ಬಂತು. ಬಿಳಿ ಬಟ್ಟೆ, ಕಪ್ಪು ಕನ್ನಡಕ ಹಾಕಿಕೊಂಡ ಅದೇ ಜನ, ಅದೇ ಪಾರ್ಟಿಯ ಮಾತು. ಇದು ಸ್ವಲ್ಪ ಜಾಸ್ತಿ ಆಯ್ತೇನೋ ಅಂತ ನನಗೆ ಅನಿಸಿತ್ತು. ಮಾವನ ಕಡೆ ನೋಡಿದರೆ ಅವರು ಹೌದು ಅನ್ನುವ ಹಾಗೆ ತಲೆ ಆಡಿಸುತ್ತಿದ್ದರು.

ಹೊರಗೆ ಬಂದು ಮಾಟುಂಗದ ತನಕ ನಡೆದೆವು. ಒಂದು ಉಡುಪಿ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಮಾವ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ನಿಮ್ಮ ಪೇಪರಿನವರು ನೋಡುವುದು ಮೊದಲ ಒಂದು ಗಂಟೆ ಮಾತ್ರ ಮಗಾ," ಅಂದರು. "ಕ್ಯಾಮೆರಾ ಇರುವ ಕಡೆಗೆ ಮೊದಲ ಟ್ರೇ ಕಳಿಸಬೇಕು, ಅದು ನಮಗೆ ಆರ್ಡರ್. ಒಳ್ಳೆಯ ಸ್ಟಾರ್ಟರ್, ತುಂಬಿದ ಗ್ಲಾಸು, ಎಲ್ಲ ಅಲ್ಲಿಗೆ. ಫೋಟೊದವರು ಹೋದರು ಅಂತಾದರೆ ಅರ್ಧ ಜನ ಹೊರಡುತ್ತಾರೆ. ಉಳಿದವರ ಪಾರ್ಟಿ ಆಮೇಲೆ. ಅದನ್ನು ಕಾಂಬುದು ನಾವು."

ಹೇಗೆ ಕಾಣುತ್ತೆ ಮಾವ, ಅಂತ ಕೇಳಿದೆ. ಅವರು ಮೇಜಿನ ಮೇಲೆ ಬೆರಳಿನಿಂದ ಒಂದು ಪ್ಲೇಟಿನಷ್ಟು ಗೆರೆ ಎಳೆದರು. ಮುಟ್ಟದೆ ಬಿಟ್ಟ ಸಿಗಡಿ. ಅದರೊಳಗೇ ಸಿಗರೇಟು ಒತ್ತಿ ಆರಿಸಿರುತ್ತಾರೆ. ಆ ಪ್ಲೇಟನ್ನು ಹಿಂದೆ ಒಯ್ಯುವ ಹುಡುಗ ಮಧ್ಯಾಹ್ನ ನಾಲ್ಕಕ್ಕೆ ದಾಲ್, ಅನ್ನ ತಿಂದವನು. ಆಮೇಲೆ ಅವನ ಹೊಟ್ಟೆಗೆ ಏನೂ ಇಲ್ಲ. ಬೂದಿ ಬೀಳದಿದ್ದರೆ ತಿನ್ನುತ್ತಿದ್ದನೋ ಏನೋ. "ಬೂದಿ ಹಾಕಿದ್ದಕ್ಕೆ ನಂಗೆ ಸಿಟ್ಟು," ಅಂದರು ಮಾವ. "ಕುಡಿದದ್ದಕ್ಕೆ ಅಲ್ಲ, ಕುಣಿದದ್ದಕ್ಕೂ ಅಲ್ಲ."

ಗೆಸ್ಟ್‌ಗಳ ಮುಖ ದಿಟ್ಟಿಸಬಾರದು ಅಂತ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುತ್ತಾರಂತೆ. ನೋಟ ಗ್ಲಾಸಿನ ಮೇಲಿರಬೇಕು. ಆದರೆ ಕಿವಿ ಮುಚ್ಚಲಿಕ್ಕಾಗುತ್ತದೆಯೇ? ಯಾವ ಕಂಪನಿ ಮುಳುಗುತ್ತಿದೆ, ಯಾವ ಮದುವೆ ಮುರಿಯುತ್ತಿದೆ, ಯಾರು ಯಾರಿಗೆ ದುಡ್ಡು ಕೊಟ್ಟರು, ಎಲ್ಲ ಆ ಟ್ರೇಯ ಮೇಲಿಂದಲೇ ಹಾದುಹೋಗುತ್ತದೆ. ನಾವು ಪತ್ರಿಕೆಯವರು ಕೋಣೆಯ ಮಧ್ಯ ನಿಂತವರನ್ನು, ಪಾರ್ಟಿ ಹೇಗಿದೆ ಅಂತ ಕೇಳಿ ಬರೆದುಕೊಂಡು ಬರುತ್ತಿದ್ದೆವು. ಪಕ್ಕದಲ್ಲೇ ನಿಂತವರನ್ನು ಯಾರೂ ಕೇಳುತ್ತಿರಲಿಲ್ಲ. ಇದು ನನಗೆ ಆವತ್ತು ತುಂಬಾ ನೋವು ಕೊಟ್ಟಿತು. ಈಗಲೂ ಕೊಡುತ್ತದೆ.

ಸಿನಿಮಾದ ನಿರ್ದೇಶಕ ಮಧುರ್ ಭಂಡಾರ್ಕರ್ ಅವರಿಗೆ ಆ ಡ್ರೈವರ್‌ಗಳ ಮಾತು ಹೇಗೆ ಹೊಳೆಯಿತು ಎಂಬುದಕ್ಕೆ ನನ್ನ ಹತ್ತಿರ ಒಂದು ಊಹೆ ಇದೆ. ಸಿನಿಮಾಕ್ಕೆ ಬರುವ ಮೊದಲು ಅವರು ವೀಡಿಯೊ ಕ್ಯಾಸೆಟ್ ಲೈಬ್ರರಿ ನಡೆಸುತ್ತಿದ್ದವರು, ಸಿನಿಮಾದವರ ಮನೆಗಳಿಗೆ ಕ್ಯಾಸೆಟ್ ಕೊಟ್ಟು ಬರುತ್ತಿದ್ದವರು. ಬಾಗಿಲಲ್ಲಿ ನಿಂತು ಕಾದವರಿಗೆ ಮನೆಯ ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕಥೆಗೂ ಬಂತು. ಕೆಲವು ಪಾತ್ರಗಳನ್ನು ಅವರು ಒರಟಾಗಿ ಬಿಡಿಸಿದ್ದಾರೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಪತ್ರಿಕಾ ಕಚೇರಿಯ ಭಾಗದಲ್ಲಿ ಒಂದು ಸುಳ್ಳೂ ನನಗೆ ಕಾಣಲಿಲ್ಲ.

ಮಾವನಿಗೆ ಅರ್ಥವಾಗದೆ ಉಳಿದದ್ದು ಅದೇ ಭಾಗ. "ಅಲ್ಲ, ಆ ಹುಡುಗಿ ಬರೆದಾಗಿತ್ತಲ್ಲ? ಫೋಟೊನೂ ಇತ್ತು. ಮತ್ತೆ ಎಂತಕ್ಕೆ ಹಾಕಲಿಲ್ಲ?"

ಜಾಹೀರಾತಿನ ವಿಷಯ ಹೇಳಿದೆ. ಓದುಗ ಕೊಡುವ ಒಂದೆರಡು ರೂಪಾಯಿಯಲ್ಲಿ ಕಾಗದದ ಖರ್ಚೂ ಹುಟ್ಟುವುದಿಲ್ಲ, ಪತ್ರಿಕೆ ನಡೆಯುವುದು ಜಾಹೀರಾತಿನ ದುಡ್ಡಿನಲ್ಲಿ ಅಂದೆ. ನಾನು ಕಣ್ಣಾರೆ ಕಂಡದ್ದನ್ನೂ ಹೇಳಿದೆ. ನಾನಿದ್ದ ಕಡೆ ಒಬ್ಬ ರಿಪೋರ್ಟರ್, ಕಟ್ಟಡ ಕೆಲಸದ ಜಾಗದಲ್ಲಿ ಕೂಲಿಗಳಿಗೆ ಪೆಟ್ಟಾದ ಸುದ್ದಿ ತಂದಿದ್ದ. ಆಸ್ಪತ್ರೆಗೆ ಹೋಗಿ, ಪೆಟ್ಟಾದವರನ್ನು ಮಾತಾಡಿಸಿ ಬರೆದಿದ್ದ. ಪುಟದಲ್ಲಿ ಕೂರಿಸಿಯೂ ಆಗಿತ್ತು. ರಾತ್ರಿ ಜಾಹೀರಾತು ವಿಭಾಗದಿಂದ ಒಂದು ಫೋನ್ ಬಂತು. ಯಾರೂ ಕೂಗಾಡಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ. ಸುದ್ದಿ ಹೋಯಿತು. ಪುಟದಲ್ಲಿ ಖಾಲಿ ಬಿದ್ದ ಜಾಗಕ್ಕೆ ನಮ್ಮ ಪುರವಣಿಯಿಂದ ಒಂದು ಪಾರ್ಟಿ ಫೋಟೊ ಕಳಿಸಿ ಅಂದರು. ಸಿನಿಮಾದ ಎಡಿಟರ್ ಕೂಡ ಹಾಗೆಯೇ, ಕೆಟ್ಟವನಲ್ಲ. ಅವನ ಮೇಲೆ ಮಾಲೀಕ ಇದ್ದಾನೆ.

ಮಾವ ಕಾಫಿ ಲೋಟ ಕೆಳಗಿಟ್ಟು, "ಹಾಗಾದರೆ ನಮಗಿಂತ ನಿಮ್ಮ ಕೆಲಸ ಕಷ್ಟ," ಅಂದರು. "ನಮಗೆ ಬಾಯಿ ಮುಚ್ಚಿಕೊಂಡಿರಿ ಅಂತ ಮೊದಲೇ ಹೇಳಿರುತ್ತಾರೆ."

ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಅದು ಎಷ್ಟು ಸಲ ನೆನಪಾಗಿದೆಯೋ. 2010ರಲ್ಲಿ ದುಡ್ಡು ಕೊಟ್ಟು ಹಾಕಿಸುವ ಸುದ್ದಿಗಳ ಬಗ್ಗೆ ಪತ್ರಿಕೆಗಳ ನಡವಳಿಕೆ ನೋಡಿಕೊಳ್ಳುವ ಪ್ರೆಸ್ ಕೌನ್ಸಿಲ್‌ನ ಉಪಸಮಿತಿ 71 ಪುಟಗಳ ವರದಿ ಕೊಟ್ಟಿತು, ಪತ್ರಿಕೆಗಳ ಹೆಸರು ಸಮೇತ. ಕೌನ್ಸಿಲ್ ಅದನ್ನು ಪೂರ್ತಿ ಪ್ರಕಟಿಸಲಿಲ್ಲ, ಮೊಟಕು ಮಾಡಿ ಹೊರಗೆ ಬಿಟ್ಟಿತು. ಪೂರ್ತಿ ವರದಿ ಜನರಿಗೆ ಸಿಕ್ಕಿದ್ದು ಮರುವರ್ಷ, ಮಾಹಿತಿ ಆಯೋಗ ಆದೇಶ ಮಾಡಿದ ಮೇಲೆ. ದುಡ್ಡಿನ ಸುದ್ದಿಗಳ ಬಗ್ಗೆ ಬರೆದ ವರದಿಗೇ ಈ ಗತಿ ಬಂದಾಗ ಮಾಧವಿಯ ನೆನಪಾಗದೆ ಇರುತ್ತದೆಯೇ?

ಸಿನಿಮಾದ ಕೊನೆಯ ಬಗ್ಗೆ ಮಾತ್ರ ನಮ್ಮಿಬ್ಬರಿಗೆ ಜಗಳವೇ ಆಯಿತು. ಮಾಧವಿ ಬೇರೆ ಪತ್ರಿಕೆ ಸೇರಿ ಮತ್ತೆ ಅದೇ ಪಾರ್ಟಿಗಳ ಪುಟಕ್ಕೆ ಮರಳುತ್ತಾಳೆ. ನನಗೆ ತಡೆಯಲಾಗದಷ್ಟು ಸಿಟ್ಟು ಬಂದಿತ್ತು. ಅಷ್ಟು ಕಂಡವಳು ಮತ್ತೆ ಹೇಗೆ ಹೋದಳು ಅಂತ ನಾನು. "ರೂಮಿನ ಬಾಡಿಗೆ ಯಾರು ಕಟ್ಟುತ್ತಾರೆ? ನೀನಾ?" ಅಂತ ಮಾವ. ಒಳಗಿದ್ದರೆ ಇನ್ನೊಂದು ಸಲ ಏನಾದರೂ ಕಾಣುತ್ತದೆ, ಹೊರಗೆ ಹೋದವಳಿಗೆ ಏನು ಕಾಣುತ್ತದೆ ಅಂತ ಅವರ ವಾದ. ಹೋಟೆಲಿನವರು ಶಟರ್ ಅರ್ಧ ಎಳೆಯುವ ತನಕ ವಾದ ಮಾಡಿದೆವು. ಮಾವ ಹೇಳಿದ್ದು ಪೂರ್ತಿ ಸರಿ ಅಂತ ನಾನು ಇವತ್ತಿಗೂ ಒಪ್ಪಿಲ್ಲ. ಆದರೆ ನಾನು ಕೆಲಸ ಬಿಡಲಿಲ್ಲ.

ಎದ್ದು ಹೊರಡುವಾಗ ಮಾವ ‘ಓ.ಡಿ.ಸಿ.’ ಹುಡುಗರ ವಿಷಯ ತೆಗೆದರು. ಹೋಟೆಲಿನ ಹೊರಗೆ, ಬಂಗಲೆಗಳಲ್ಲಿ ನಡೆಯುವ ಕೇಟರಿಂಗ್‌ಗೆ ಆ ಲೈನಿನವರು ಓ.ಡಿ.ಸಿ. ಅನ್ನುತ್ತಾರೆ, ಅಂದರೆ ಔಟ್‌ಡೋರ್ ಕೇಟರಿಂಗ್. ಅದಕ್ಕೆ ದಿನಗೂಲಿ ಹುಡುಗರು ಬರುತ್ತಾರೆ, ನಮ್ಮ ಬೈಂದೂರು, ಕುಂದಾಪುರ ಕಡೆಯವರೂ ಇದ್ದರು. ಪಾರ್ಟಿ ಮುಗಿಯುವಾಗ ಕೊನೆಯ ಲೋಕಲ್ ಹೋಗಿರುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೊದಲ ಗಾಡಿ. ಅಲ್ಲಿಯವರೆಗೆ ಕಪ್ಪು ಪ್ಯಾಂಟು, ಬಿಳಿ ಅಂಗಿಯಲ್ಲೇ ಸ್ಟೇಷನ್ನಿನ ಬೆಂಚಿನ ಮೇಲೆ ಮಲಗುತ್ತಾರೆ. ಕೂಲಿ ಕೈಗೆ ಬರುವಾಗ ತಿಂಗಳು ದಾಟಿರುತ್ತದೆ, ಕೆಲವು ಸಲ ಬರುವುದೇ ಇಲ್ಲ. "ಇದನ್ನು ಬರಿ," ಅಂದರು.

ಪುರವಣಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಕಟ್ಟಡದ ಸುದ್ದಿ ಕಳೆದುಕೊಂಡಿದ್ದ ಆ ರಿಪೋರ್ಟರ್‌ಗೆ ಹೇಳಿದೆ. ಅವನು ಎರಡು ರಾತ್ರಿ ಸ್ಟೇಷನ್ನಿನಲ್ಲಿ ಕೂತು ಹುಡುಗರನ್ನು ಮಾತಾಡಿಸಿ ಬರೆದ. ಈ ಸಲ ಫೋನ್ ಬರಲಿಲ್ಲ. ಒಳಪುಟದಲ್ಲಿ ಒಂದು ಕಾಲಂ ಬಂತು, ಚಿಕ್ಕದು. ಕತ್ತರಿಸಿ ಇಟ್ಟುಕೊಂಡು ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ, ಇಂಗ್ಲಿಷ್ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಖುಷಿಪಟ್ಟರು ಅಂದುಕೊಂಡಿರಾ? ಇಲ್ಲ.

"ರೇಟ್ ಎಲ್ಲಿ ಹಾಕಿದ್ದಾನೆ? ಒಂದು ರಾತ್ರಿಗೆ ಎಷ್ಟು ಮಾತಾಡಿದ್ದು, ಕೈಗೆ ಎಷ್ಟು ಕೊಟ್ಟದ್ದು? ಅದನ್ನೇ ಬಿಟ್ಟರೆ ಹೇಗೆ?" ಅಂದರು. ಡೆಸ್ಕಿನವರು ಜಾಗ ಸಾಲದೆ ಆ ಸಾಲುಗಳನ್ನೇ ತೆಗೆದಿದ್ದರು. ಮಾವ ಬಿಡಲಿಲ್ಲ. ತಾವೇ ನಾಲ್ಕೈದು ಹುಡುಗರನ್ನು ಕೇಳಿ, ಹೋಟೆಲಿನ ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆದು ಕೊಟ್ಟರು. ಎರಡನೇ ಸುದ್ದಿ ಬಂದಾಗ ಅದರ ಮೊದಲ ಸಾಲಿನಲ್ಲೇ ರೇಟ್ ಇತ್ತು.